ಸೋತ ಮೇಲೆ ಮುಂದಿನ ಮ್ಯಾಚ್ ಯಾವಾಗ?

ಭಾಗ 1

ಹೋದ ಸಲ ಈರುಳ್ಳಿ ಲೆಕ್ಕದ ಸೀರೀಸ್ ಹಾಕಿದ ಮೇಲೆ ನಿಮ್ಮಲ್ಲಿ ಸುಮಾರು ಜನ "ಅಕ್ಕ, ಮುಂದಿನದು ಫುಟ್‌ಬಾಲ್ ಮೇಲೆ ಬರಿ" ಅಂತ ಮೆಸೇಜ್ ಹಾಕಿದ್ರಿ. ಸರಿ, ಬರೀತಿದೀನಿ. ಆದ್ರೆ ಮೊದಲೇ ಹೇಳಿಬಿಡ್ತೀನಿ, ಮೆಸ್ಸಿ ದೊಡ್ಡವನೋ ರೊನಾಲ್ಡೊ ದೊಡ್ಡವನೋ ಅನ್ನೋ ಜಗಳ ಇಲ್ಲಿಲ್ಲ. ಸುನಿಲ್ ಛೆಟ್ರಿ ಕೂಡ ನಡುವೆ ಒಂದು ಕಡೆ ಬಂದು ಹೋಗ್ತಾರೆ ಅಷ್ಟೆ.

ನಾನು ಹೇಳ್ಬೇಕು ಅಂತಿರೋದು ಬೆಂಗಳೂರು ಎಫ್‌ಸಿಯ ಚಿಕ್ಕ ತಂಡಗಳ ಬಗ್ಗೆ. ಅಕಾಡೆಮಿ ಹುಡುಗರು, ರಿಸರ್ವ್ ಹುಡುಗರು. ಟೀವಿಯಲ್ಲಿ ಇವರ ಮುಖ ಕಾಣೋದು ಅಪರೂಪ.

ದೊಡ್ಡ ತಂಡದ ಕಥೆ ನಿಮಗೆ ಗೊತ್ತೇ ಇರುತ್ತೆ. 2013ರಲ್ಲಿ ಕ್ಲಬ್ ಹುಟ್ಟಿತು, ಆಡಿದ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತನಕ ಹೋಯ್ತು. 2018-19ರಲ್ಲಿ ಐಎಸ್ಎಲ್ ಕಪ್ ಬಂತು. ಕಂಠೀರವದಲ್ಲಿ ನೀಲಿ ಜನ, ಡೋಲು, ಕೂಗು. ಎಲ್ಲಾ ರೀಲ್ಸ್‌ನಲ್ಲಿ ನೋಡೀವಿ.

ಆ ನೀಲಿ ಅಂಗಿಯ ಕೆಳಗೆ ಒಂದು ಏಣಿ ಐತೆ. ಹದಿಮೂರರ ಒಳಗಿನವರು, ಹದಿನೈದರ ಒಳಗಿನವರು, ಆಮೇಲೆ ಹದಿನೇಳು-ಹದಿನೆಂಟರವರು, ಅದರ ಮೇಲೆ ರಿಸರ್ವ್ ತಂಡ. ಆ ಏಣಿಯ ಮೇಲಿನ ಮೆಟ್ಟಿಲುಗಳಲ್ಲಿರೋ ಹುಡುಗರಿಗೆ ಹೆಚ್ಚು ಕಮ್ಮಿ ನಮ್ಮ ನಿಮ್ಮ ವಯಸ್ಸೇ. ಕೆಲವರು ನಮಗಿಂತ ಚಿಕ್ಕೋರು.

ಮೊದಲನೇ ಫೋಟೋ ನಮ್ಮೂರ ಮೈದಾನ, ಸಂಜೆ ಐದೂವರೆ. ಎರಡು ಕಲ್ಲು ಕಾಣ್ತಾವಲ್ಲ, ಅವೇ ಗೋಲ್‌ಪೋಸ್ಟ್. ನೀಲಿ ಬನಿಯನ್ ಹಾಕ್ಕೊಂಡಿರೋನು ನನ್ನ ತಮ್ಮ. ಅವನು ಆಮೇಲೆ ಬರ್ತಾನೆ.

ಭಾಗ 2

ತುರುವನೂರಿನ ಹುಡುಗಿಗೆ ಬೆಂಗಳೂರಿನ ಕ್ಲಬ್ ಜೊತೆ ಏನು ಕೆಲಸ ಅಂತ ಕೇಳಬಹುದು.

ಕೆಲಸ ಐತೆ. ಈ ಕ್ಲಬ್ಬಿನ ವಸತಿ ಅಕಾಡೆಮಿ ಕಟ್ಟಿದ್ದು ಬೆಂಗಳೂರಿನಲ್ಲಲ್ಲ. ಬಳ್ಳಾರಿ ಕಡೆ, ತೋರಣಗಲ್ಲಿನ ಪಕ್ಕ, ಜಿಂದಾಲ್ ಉಕ್ಕಿನ ಕಾರ್ಖಾನೆ ಇರೋ ವಿಜಯನಗರದಲ್ಲಿ. ಕ್ಲಬ್ಬಿನ ಒಡೆತನ ಜೆಎಸ್‌ಡಬ್ಲ್ಯೂ ಸಂಸ್ಥೆಯದ್ದು, ಹಾಗಾಗಿ ಅಕಾಡೆಮಿಯೂ ಅವರ ಕಾರ್ಖಾನೆ ಊರಿಗೇ ಹೋಯ್ತು. ಅಲ್ಲೇ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅಂತ ದೊಡ್ಡ ಕ್ರೀಡಾ ತರಬೇತಿ ಕೇಂದ್ರ 2018ರ ಆಗಸ್ಟ್‌ನಲ್ಲಿ ಶುರುವಾಯ್ತು. ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್ ಎಲ್ಲಾ ಅಲ್ಲಿ ಕಲಿಸ್ತಾರೆ. ನೀರಜ್ ಚೋಪ್ರಾ ಕೂಡ ಅಲ್ಲಿ ತರಬೇತಿ ಪಡೆದವರೇ.

ನಮ್ಮೂರಿಂದ ಲೆಕ್ಕ ಹಾಕಿದ್ರೆ ಆ ಜಾಗ ಬೆಂಗಳೂರಿಗಿಂತ ಹತ್ತಿರ. ದುರ್ಗದಿಂದ ಹೊಸಪೇಟೆ ಕಡೆ ಹೋಗೋ ಹೈವೇ ಹಿಡಿದ್ರೆ ಲಾರಿಗಳ ಹಿಂದೆ ಕೆಂಪು ಧೂಳು ಶುರುವಾಗುತ್ತಲ್ಲ, ಆ ಕಡೆಗೇ. ನಮ್ಮ ಹಂಗೇ ಬಿಸಿಲು, ನಮ್ಮ ಹಂಗೇ ಮಳೆ ಕಮ್ಮಿ. ಬೇಸಿಗೆಯಲ್ಲಿ ಬಳ್ಳಾರಿ ಬಿಸಿಲು ಹೆಂಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಮಣಿಪುರದಿಂದ, ಮಿಜೋರಾಂನಿಂದ, ತಮಿಳುನಾಡಿನಿಂದ, ಕೇರಳದಿಂದ ಹುಡುಗರು ಬಂದು ಫುಟ್‌ಬಾಲ್ ಕಲೀತಾರೆ ಅಂದ್ರೆ ನಮ್ಮ ಕಡೆ ಎಷ್ಟು ಜನ ನಂಬ್ತಾರೆ?

ನನ್ನ ಕ್ಲಾಸ್‌ನಲ್ಲಿ ಕೇಳಿ ನೋಡಿದೆ. ಮೂವರಿಗೆ ಗೊತ್ತಿತ್ತು. ಅದರಲ್ಲಿ ಇಬ್ಬರು ಅಲ್ಲಿ ಬರೀ ಕಾರ್ಖಾನೆ ಮಕ್ಕಳಿಗೆ ಕಲಿಸ್ತಾರೆ ಅನ್ಕೊಂಡಿದ್ರು.

ಭಾಗ 3

ಈ ಹುಡುಗರ ಒಂದು ವರ್ಷ ಹೆಂಗಿರುತ್ತೆ? ಒಂದು ನಿಜವಾದ ವರ್ಷ ತಗೊಳ್ಳೋಣ. 2021ರ ಸೆಪ್ಟೆಂಬರ್‌ನಿಂದ 2022ರ ಸೆಪ್ಟೆಂಬರ್.

ಶುರು ಕೋಲ್ಕತ್ತಾದಲ್ಲಿ. ಡ್ಯುರಾಂಡ್ ಕಪ್ ಅಂದ್ರೆ 1888ರಲ್ಲಿ ಶುರುವಾದ ಟೂರ್ನಿ, ಏಷ್ಯಾದಲ್ಲೇ ತುಂಬಾ ಹಳೇದು. 2021ರ ಡ್ಯುರಾಂಡ್‌ಗೆ ಬೆಂಗಳೂರು ಎಫ್‌ಸಿ ಕಳಿಸಿದ್ದು ಬಹುಪಾಲು ಚಿಕ್ಕ ಹುಡುಗರನ್ನ. ಕೋಚ್ ನೌಶಾದ್ ಮೂಸಾ. ಎದುರಿಗೆ ಕೆಲವು ತಂಡಗಳು ದೊಡ್ಡ ಆಟಗಾರರನ್ನೇ ಇಳಿಸಿದ್ವು. ಆದ್ರೂ ಈ ಹುಡುಗರು ಸೆಮಿಫೈನಲ್ ತನಕ ಹೋದ್ರು. ಅಲ್ಲಿ ಎಫ್‌ಸಿ ಗೋವಾ ಜೊತೆ 2-2 ಸಮ. ಪೆನಾಲ್ಟಿಯಲ್ಲಿ ಸೋತ್ರು.

ಆ ಸೆಮಿಫೈನಲ್‌ನಲ್ಲಿ ಗೋಲು ಹೊಡೆದ ಒಬ್ಬ ಹುಡುಗನ ಹೆಸರು ನೆನಪಿಟ್ಕೊಳ್ಳಿ: ಶಿವಶಕ್ತಿ ನಾರಾಯಣನ್. ತಮಿಳುನಾಡಿನವರು.

ಇಲ್ಲೊಂದು ಪ್ರಶ್ನೆ. ಸೆಮಿಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತು ರೂಮಿಗೆ ಬಂದು ಕೂತ ಹುಡುಗನಿಗೆ ಏನು ಬೇಕು? ಸಮಾಧಾನ ಬೇಕು, ನಿಜ. ಅಮ್ಮನ ಫೋನ್ ಬೇಕು. ಅದಕ್ಕಿಂತ ಜಾಸ್ತಿ ಬೇಕಾದ್ದು ಇನ್ನೊಂದು ಮ್ಯಾಚ್. ಬೇಗ. ಸೋಲಿನಲ್ಲಿ ಕಲಿತದ್ದನ್ನ ಆಡಿ ನೋಡೋಕೆ ಒಂದು ಜಾಗ.

ಆ ಕಾಲಕ್ಕೆ ಅದೇ ಇರಲಿಲ್ಲ. ಕೊರೋನಾ ಬಂದ ಮೇಲೆ ದೇಶದಲ್ಲಿ ಯುವ ಲೀಗ್‌ಗಳು ನಿಂತು ಹೋಗಿದ್ವು. ಐಎಸ್ಎಲ್ ಏನೋ ಗೋವಾದಲ್ಲಿ ಬಯೋಬಬಲ್ ಮಾಡ್ಕೊಂಡು ನಡೀತು. ಹದಿನಾರು-ಹದಿನೇಳು ವಯಸ್ಸಿನವರಿಗೆ ಪ್ರಾಕ್ಟೀಸ್ ಐತೆ, ಮ್ಯಾಚ್ ಇಲ್ಲ. ನಾವು ಆನ್‌ಲೈನ್ ಕ್ಲಾಸ್ ಕೇಳಿ ಪರೀಕ್ಷೆ ಬರೀದೇ ಪಾಸಾದ ವರ್ಷ ನೆನಪಿದೆಯಾ? ಅವರದ್ದೂ ಹಂಗೇ. ವ್ಯತ್ಯಾಸ ಇಷ್ಟೇ, ಫುಟ್‌ಬಾಲ್‌ನಲ್ಲಿ ಯಾರನ್ನೂ ಸುಮ್ನೆ ಪಾಸ್ ಮಾಡಲ್ಲ.

ಭಾಗ 4

2022ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಒಂದು ಹೊಸ ಲೀಗ್ ಬಂತು. ಹೆಸರು ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್. ಹೆಸರು ಉದ್ದ, ಕೆಲಸ ಸರಳ: ಇಪ್ಪತ್ತೊಂದರ ಆಸುಪಾಸಿನ ಹುಡುಗರಿಗೆ ಮ್ಯಾಚ್ ಕೊಡೋದು.

ಎಂಟು ತಂಡಗಳು. ಐಎಸ್ಎಲ್ ಕ್ಲಬ್‌ಗಳ ಏಳು, ಜೊತೆಗೆ ರಿಲಯನ್ಸ್‌ನವರ ಯಂಗ್ ಚಾಂಪ್ಸ್. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಬೇಕು. ಅಂದ್ರೆ ಪ್ರತಿ ತಂಡಕ್ಕೆ 7 ಮ್ಯಾಚ್, ಒಟ್ಟು 28. ಒಂದು ತಿಂಗಳೊಳಗೆ ಮುಗೀತು.

ಕೊನೆಯ ದಿನ ಬೆಂಗಳೂರು ಹುಡುಗರು ಕೇರಳ ಬ್ಲಾಸ್ಟರ್ಸ್ ಹುಡುಗರನ್ನ ಸೋಲಿಸಿ ಚಾಂಪಿಯನ್ ಆದ್ರು. ಕೇರಳ ಎರಡನೇದು. ಎರಡೂ ತಂಡಗಳಿಗೆ ಬಹುಮಾನವಾಗಿ ಇಂಗ್ಲೆಂಡ್ ಟಿಕೆಟ್. ಜುಲೈನಲ್ಲಿ ಅಲ್ಲಿ ನೆಕ್ಸ್ಟ್ ಜೆನ್ ಕಪ್. ಎದುರಿಗೆ ಲೆಸ್ಟರ್ ಸಿಟಿಯಂಥ ಕ್ಲಬ್‌ಗಳ ಅಕಾಡೆಮಿ ತಂಡಗಳು. ಅಲ್ಲಿ ಕಪ್ ಸಿಗಲಿಲ್ಲ. ಎಂಟು-ಒಂಬತ್ತು ವಯಸ್ಸಿಂದ ಕ್ಲಬ್‌ನಲ್ಲೇ ಬೆಳೆದ ಹುಡುಗರ ಎದುರು ಸಿಗೋದು ಕಷ್ಟಾನೇ.

ಅಲ್ಲಿಂದ ಬಂದು ಎರಡು ತಿಂಗಳು. 2022ರ ಸೆಪ್ಟೆಂಬರ್ 18, ಮತ್ತೆ ಕೋಲ್ಕತ್ತಾ, ಮತ್ತೆ ಡ್ಯುರಾಂಡ್ ಕಪ್. ಈ ಸಲ ಫೈನಲ್, ಈ ಸಲ ಛೆಟ್ರಿ ಇದ್ದ ದೊಡ್ಡ ತಂಡ. ಮುಂಬೈ ಸಿಟಿ ವಿರುದ್ಧ 2-1 ಗೆಲುವು. ಮೊದಲ ಗೋಲು ಯಾರದ್ದು? ಹೋದ ವರ್ಷ ಸೆಮಿಫೈನಲ್ ಸೋತ ಅದೇ ಶಿವಶಕ್ತಿ.

ಆ ಐಎಸ್ಎಲ್ ಸೀಸನ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿನೂ ಅವರಿಗೇ ಬಂತು. ಅದರ ಹಿಂದಿನ ವರ್ಷ, 2021-22ರಲ್ಲಿ, ಅದೇ ಪ್ರಶಸ್ತಿ ಬಂದಿದ್ದು ನವೋರೆಮ್ ರೋಶನ್ ಸಿಂಗ್‌ಗೆ. ಮಣಿಪುರದವರು. ಅವರೂ ಬೆಂಗಳೂರಿನ ರಿಸರ್ವ್ ತಂಡದಲ್ಲಿ ಆಡಿ ಮೇಲೆ ಬಂದವರೇ. ಸತತ ಎರಡು ವರ್ಷ, ಒಂದೇ ಏಣಿಯಿಂದ ಇಬ್ಬರು. 2023ರಲ್ಲಿ ಡೆವಲಪ್‌ಮೆಂಟ್ ಲೀಗ್ ಇನ್ನೂ ದೊಡ್ಡದಾಗಿ ನಡೆದಾಗಲೂ ಬೆಂಗಳೂರು ಹುಡುಗರೇ ಗೆದ್ರು.

ಕಪ್‌ಗಳ ಪಟ್ಟಿ ಓದಿ ಖುಷಿಪಟ್ರಾ? ಈಗ ಅದನ್ನ ಪಕ್ಕಕ್ಕಿಡಿ. ನಾನು ಹೇಳೋಕೆ ಬಂದದ್ದು ಆ 7 ಅನ್ನೋ ಸಂಖ್ಯೆ ಬಗ್ಗೆ.

ಭಾಗ 5

ಒಂದು ಲೆಕ್ಕ ಮಾಡಿ. ಬಿಕಾಂ ಬೇಕಿಲ್ಲ, ಐದನೇ ಕ್ಲಾಸ್ ಸಾಕು.

ಹದಿನಾರು ತಂಡಗಳ ನಾಕೌಟ್ ಟೂರ್ನಿ. ಒಟ್ಟು ಎಷ್ಟು ಮ್ಯಾಚ್? 15. ಯಾಕಂದ್ರೆ ಒಂದು ಮ್ಯಾಚ್‌ಗೆ ಒಂದು ತಂಡ ಮನೆಗೆ ಹೋಗುತ್ತೆ, ಹದಿನೈದು ತಂಡ ಹೋಗಬೇಕು.

ಆರು ತಂಡಗಳ ಲೀಗ್. ಎಲ್ಲರೂ ಎಲ್ಲರ ಜೊತೆ ಒಂದು ಸಲ. ಒಟ್ಟು ಎಷ್ಟು? 6 × 5 ÷ 2 = 15. ಅದೇ ಹದಿನೈದು!

ಅದೇ ಮೈದಾನ, ಅದೇ ಸುಣ್ಣ, ಅಷ್ಟೇ ಮ್ಯಾಚ್‌ಗೆ ಅಂಪೈರ್. ಆದ್ರೆ ನಾಕೌಟ್‌ನಲ್ಲಿ ಎಂಟು ತಂಡ ಒಂದೇ ಮ್ಯಾಚ್ ಆಡಿ ವಾಪಸ್. ಲೀಗ್‌ನಲ್ಲಿ ಕೊನೇ ಸ್ಥಾನಕ್ಕೆ ಬಂದ ತಂಡ ಕೂಡ ಐದು ಮ್ಯಾಚ್ ಆಡಿರುತ್ತೆ.

ನಮ್ಮ ಕಡೆ ಆಟ ಅಂದ್ರೆ ಏನು? ಶಾಲೆಯಲ್ಲಿ ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ. ಊರಲ್ಲಿ ಹಬ್ಬಕ್ಕೆ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್. ಬ್ಯಾನರ್‌ನಲ್ಲಿ ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ಊಟದ ವ್ಯವಸ್ಥೆ ಇರುತ್ತೆ. ಹೆಚ್ಚು ಕಮ್ಮಿ ಎಲ್ಲಾ ನಾಕೌಟ್.

ನಾನು ಎಂಟನೇ ಕ್ಲಾಸ್‌ನಲ್ಲಿ ಖೋಖೋ ತಂಡದಲ್ಲಿದ್ದೆ. ಎರಡು ತಿಂಗಳು ಬೆಳಗ್ಗೆ ಆರಕ್ಕೆ ಪ್ರಾಕ್ಟೀಸ್. ಹೋಬಳಿ ಮಟ್ಟದ ದಿನ ಹತ್ತು ಗಂಟೆಗೆ ಮೊದಲ ಆಟ, ಹತ್ತೂ ಮುಕ್ಕಾಲಿಗೆ ಸೋತಿದ್ವಿ. ಡಬ್ಬೀಲಿದ್ದ ಚಿತ್ರಾನ್ನ ಇನ್ನೂ ಬೆಚ್ಚಗಿತ್ತು. "ಮುಂದಿನ ವರ್ಷ ನೋಡೋಣ ಬಿಡ್ರಮ್ಮಾ" ಅಂದ್ರು ಮೇಷ್ಟ್ರು. ನಮ್ಮ ಸೀಸನ್ ಮುಕ್ಕಾಲು ಗಂಟೆ.

ಮೇಷ್ಟ್ರದ್ದು ತಪ್ಪಿಲ್ಲ. ಅವರೂ ನಮ್ಮ ಜೊತೆ ಬಿಸಿಲಲ್ಲಿ ನಿಂತಿದ್ರು. ಒಂದು ದಿನದಲ್ಲಿ ಅಷ್ಟೂ ಶಾಲೆಗಳ ಆಟ ಮುಗಿಸಬೇಕು ಅಂದ್ರೆ ನಾಕೌಟ್ ಬಿಟ್ಟು ದಾರಿ ಇಲ್ಲ.

ಆದ್ರೆ ಇದರಿಂದ ಏನಾಗುತ್ತೆ ನೋಡಿ. ನಾವು ಪ್ರತಿಭೆ ಇಲ್ಲ, ಪ್ರತಿಭೆ ಇಲ್ಲ ಅಂತೀವಿ. ಎಂಟನೇ ಕ್ಲಾಸ್‌ನಿಂದ ಹತ್ತನೇ ಕ್ಲಾಸ್ ತನಕ ಮೂರು ಮ್ಯಾಚ್ ಆಡಿದ ಹುಡುಗಿಯಲ್ಲಿ ಪ್ರತಿಭೆ ಐತೋ ಇಲ್ಲವೋ ಅಂತ ಯಾರಿಗೆ ಗೊತ್ತಾಗಬೇಕು? ಆ ಹುಡುಗಿಗೇ ಗೊತ್ತಾಗಲ್ಲ.

ಅಕಾಡೆಮಿ ಅಂದ್ರೆ ಹುಲ್ಲಿನ ಮೈದಾನ, ವಿದೇಶಿ ಕೋಚ್, ಜಿಮ್ ಅಂತ ನಾವು ಅನ್ಕೊಂಡಿದೀವಿ. ನನಗೆ ಅನ್ಸೋದು, ಅಕಾಡೆಮಿ ಕೊಡೋ ನಿಜವಾದ ವಸ್ತು ಒಂದೇ. ಸೋತ ಮೇಲೆ ಮುಂದಿನ ಮ್ಯಾಚ್.

ಭಾಗ 6

ಈಗ ತಮ್ಮನ ವಿಷಯ.

ಅವನಿಗೆ ಹನ್ನೆರಡು, ಏಳನೇ ಕ್ಲಾಸ್. ಯಮಾಲ್ ಯಮಾಲ್ ಅಂತ ಸಾಯ್ತಾನೆ. ಲಮೀನ್ ಯಮಾಲ್ ಬಾರ್ಸಿಲೋನಾ ದೊಡ್ಡ ತಂಡಕ್ಕೆ ಆಡಿದ್ದು 2023ರ ಏಪ್ರಿಲ್‌ನಲ್ಲಿ, ಹದಿನೈದು ವಯಸ್ಸಿಗೆ. "ನಂಗಿನ್ನು ಮೂರು ವರ್ಷ ಐತೆ ಅಕ್ಕಾ" ಅಂತಾನೆ. ನಗು ಬರುತ್ತೆ, ನಗಲ್ಲ.

ಯಮಾಲ್ ಆ ಕ್ಲಬ್ಬಿನ ಅಕಾಡೆಮಿ ಸೇರಿದ್ದು ಏಳು ವಯಸ್ಸಿಗೆ ಅಂತ ಅವನಿಗೆ ಹೇಳಿದೀನಿ. ಅಲ್ಲಿಂದ ಹದಿನೈದರ ತನಕ ವಾರ ವಾರ ಆಟ. ರೀಲ್‌ನಲ್ಲಿ ಕಾಣೋದು ಕೊನೇ ಹದಿನೈದು ಸೆಕೆಂಡ್.

ತಮ್ಮ ಟ್ರಯಲ್ಸ್‌ಗೆ ಹೋಗ್ತೀನಿ ಅಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಅಲ್ಲಿಗೆ ಕಳ್ಸಿದ್ರೆ ಏನ್ ಗ್ಯಾರಂಟಿ ಐತವ್ವಾ?"

ನೀವು ಅಪ್ಪನ್ನ ಬೈಬೇಡಿ. ಶೇಂಗಾ ಹಾಕಿ ಮಳೆ ಕಾಯೋ ಮನುಷ್ಯ ಗ್ಯಾರಂಟಿ ಕೇಳೋದು ಸಹಜ. ನಾನೂ ಪೆನ್ ಹಿಡ್ಕೊಂಡು ಕೂತೆ.

ಮೈದಾನದಲ್ಲಿ ಹನ್ನೊಂದು ಜಾಗ. ಐಎಸ್ಎಲ್‌ನಲ್ಲಿ ಒಂದು ಸಲಕ್ಕೆ ನಾಲ್ಕು ವಿದೇಶಿಯರು ಆಡಬಹುದು ಅನ್ನೋ ಲೆಕ್ಕ ಹಿಡಿದ್ರೆ ಉಳಿದದ್ದು ಏಳು. ಅದರಲ್ಲಿ ಗೋಲಿ ಜಾಗ ಒಂದು. ಬೆಂಗಳೂರಿಗೆ ಗುರ್‌ಪ್ರೀತ್ ಸಿಂಗ್ ಸಂಧು ಬಂದದ್ದು 2017ರಲ್ಲಿ. ಅಲ್ಲಿಂದ ಅಕಾಡೆಮಿಗೆ ಬಂದ ಪ್ರತಿಯೊಬ್ಬ ಗೋಲಿ ಹುಡುಗನೂ ಆ ಆರೂವರೆ ಅಡಿ ಮನುಷ್ಯನ ಹಿಂದೆ ಸಾಲಿನಲ್ಲಿ ನಿಲ್ಲಬೇಕು. ಉಳಿದದ್ದು ಆರು. ಆ ಆರಕ್ಕೆ ದೇಶದ ಬೇರೆ ಕ್ಲಬ್‌ಗಳಿಂದ ದುಡ್ಡು ಕೊಟ್ಟು ತಂದ ಆಟಗಾರರೂ ಇರ್ತಾರೆ. ಕೆಳಗಡೆ ಏಣಿ ಮೇಲೆ ಪ್ರತಿ ವಯಸ್ಸಿನ ತಂಡದಲ್ಲೂ ಇಪ್ಪತ್ತಕ್ಕೆ ಮೇಲೆ ಹುಡುಗರು.

ಅಪ್ಪನಿಗೆ ಹೇಳಿದೆ: "ಗ್ಯಾರಂಟಿ ಇಲ್ಲಪ್ಪಾ. ಬಹಳಷ್ಟು ಹುಡುಗ್ರು ದೊಡ್ಡ ತಂಡಕ್ಕೆ ಹೋಗಲ್ಲ."

ಅಪ್ಪ ಸುಮ್ಮನಿದ್ದು ಆಮೇಲೆ ಕೇಳಿದ್ರು: "ಹೋಗದೇ ಇದ್ದೋರು ಎಲ್ಲಿಗೆ ಹೋಗ್ತಾರೆ?"

ಇದು ಸರಿಯಾದ ಪ್ರಶ್ನೆ. ಅಮ್ಮ ಒಳಗಿಂದ "ಊಟ ಹೆಂಗಿರ್ತೈತೋ ಕೇಳು" ಅಂದ್ರು. ಅದೂ ಸರಿಯಾದ ಪ್ರಶ್ನೆನೇ.

ಭಾಗ 7

ಈ ಫೋಟೋ ನನ್ನ ಅಕೌಂಟ್ಸ್ ನೋಟ್‌ಬುಕ್. ಬಿಕಾಂ ಗೆಳೆಯರೇ, ಇದು ನಿಮಗೆ. ಬೇರೆಯವರೂ ಓದಿ, ಅರ್ಥ ಆಗುತ್ತೆ.

ಒಂದು ಕ್ಲಬ್ ಬೇರೆ ಕ್ಲಬ್‌ನಿಂದ ಒಬ್ಬ ಆಟಗಾರನನ್ನ 1 ಕೋಟಿ 20 ಲಕ್ಷ ಟ್ರಾನ್ಸ್‌ಫರ್ ಫೀ ಕೊಟ್ಟು ತಂತು ಅನ್ಕೊಳ್ಳಿ, ಮೂರು ವರ್ಷದ ಕಾಂಟ್ರ್ಯಾಕ್ಟ್. ಲೆಕ್ಕಪುಸ್ತಕದಲ್ಲಿ ಏನು ಮಾಡ್ತಾರೆ? ಅದನ್ನ ಕಣ್ಣಿಗೆ ಕಾಣದ ಆಸ್ತಿ ಅಂತ ಬರೀತಾರೆ. ನಾವು ಇಂಟ್ಯಾಂಜಿಬಲ್ ಅಸೆಟ್ ಅಂತ ಓದ್ತೀವಲ್ಲ, ಅದೇ. ವರ್ಷಕ್ಕೆ 40 ಲಕ್ಷದ ಹಾಗೆ ಕಳೀತಾ ಹೋಗ್ತಾರೆ. ಒಂದು ವರ್ಷ ಆದ ಮೇಲೆ ಪುಸ್ತಕದಲ್ಲಿ ಅವನ ಬೆಲೆ 80 ಲಕ್ಷ.

ಈಗ ಹನ್ನೆರಡು ವಯಸ್ಸಿಗೆ ಅಕಾಡೆಮಿ ಸೇರಿ, ಏಳು ವರ್ಷ ಅಲ್ಲೇ ಉಂಡು, ಓದಿ, ಆಡಿ ದೊಡ್ಡ ತಂಡಕ್ಕೆ ಬಂದ ಹುಡುಗ. ಪುಸ್ತಕದಲ್ಲಿ ಅವನ ಬೆಲೆ ಎಷ್ಟು?

ಸೊನ್ನೆ.

ನಿಜ. ಸಂಸ್ಥೆ ತಾನೇ ಒಳಗೆ ಬೆಳೆಸಿದ್ದಕ್ಕೆ ಖಚಿತವಾದ ಖರೀದಿ ಬೆಲೆ ಇಲ್ಲ. ಹಾಗಾಗಿ ಅವನ ಊಟ, ಹಾಸ್ಟೆಲ್, ಕೋಚ್ ಸಂಬಳ ಎಲ್ಲಾ ಆಯಾ ವರ್ಷದ ಖರ್ಚು ಅಂತಲೇ ಹೋಗಿಬಿಡುತ್ತೆ. ಆಸ್ತಿ ಕಾಲಂನಲ್ಲಿ ಅವನ ಹೆಸರೇ ಇರಲ್ಲ. ಈ ವಿಷಯದಲ್ಲಿ ಇಂಗ್ಲೆಂಡಿನ ದೊಡ್ಡ ಕ್ಲಬ್‌ಗಳ ಲೆಕ್ಕವೂ ಇದೇ.

ಈಗ ಒಂದು ಸಂಜೆ ನೆನಪು ಮಾಡ್ಕೊಳ್ಳಿ. 2024ರ ಸೆಪ್ಟೆಂಬರ್ 14, ಕಂಠೀರವ, ಬೆಂಗಳೂರು ಮತ್ತು ಈಸ್ಟ್ ಬೆಂಗಾಲ್. ಮ್ಯಾಚ್ 1-0. ಆ ಒಂದು ಗೋಲು ವಿನೀತ್ ವೆಂಕಟೇಶ್ ಅವರದ್ದು. ಹತ್ತೊಂಬತ್ತು ವಯಸ್ಸು, ಐಎಸ್ಎಲ್‌ನಲ್ಲಿ ಮೊದಲ ಮ್ಯಾಚ್. ಕ್ಲಬ್ಬಿನ ಯುವ ತಂಡದಿಂದ ಬಂದವರು. ಅದೇ ತಂಡದಲ್ಲಿದ್ದ ಛೆಟ್ರಿಗೆ ಆಗ ನಲವತ್ತು.

ಪುಸ್ತಕದಲ್ಲಿ ಸೊನ್ನೆ ಇದ್ದ ಹುಡುಗ ಆವತ್ತು ಮೂರು ಪಾಯಿಂಟ್ ತಂದುಕೊಟ್ಟ. ಲೆಕ್ಕಪುಸ್ತಕ ಸುಳ್ಳು ಅಂತಲ್ಲ. ಅದು ಕೊಂಡದ್ದನ್ನ ಅಳೆಯುತ್ತೆ, ಬೆಳೆಸಿದ್ದನ್ನ ಅಳೆಯೋಕೆ ಅದಕ್ಕೆ ಬರಲ್ಲ. ನಮ್ಮ ಅಪ್ಪಂದಿರಿಗೆ ಇದು ಬೇಗ ಅರ್ಥ ಆಗುತ್ತೆ. ಅಂಗಡಿಯಲ್ಲಿ ಕೊಂಡ ಬೀಜಕ್ಕೆ ಬಿಲ್ ಐತೆ, ಮನೆಯಲ್ಲಿ ಕಟ್ಟಿಟ್ಟ ಬೀಜಕ್ಕೆ ಬಿಲ್ ಎಲ್ಲೈತೆ?

ಭಾಗ 8

ಹಾಗಾದ್ರೆ ಪುಸ್ತಕದಲ್ಲಿ ಸೊನ್ನೆ ಇರೋ ಹುಡುಗರ ಮೇಲೆ ಕ್ಲಬ್ ಯಾಕೆ ಖರ್ಚು ಮಾಡುತ್ತೆ?

ಒಂದು ಕಾರಣ ನಿಯಮ. ದೊಡ್ಡ ಲೀಗ್‌ನಲ್ಲಿ ಆಡೋಕೆ ಕ್ಲಬ್‌ಗೆ ಲೈಸೆನ್ಸ್ ಬೇಕು, ಲೈಸೆನ್ಸ್‌ಗೆ ಯುವ ತಂಡಗಳು ಇರಲೇಬೇಕು.

ಇನ್ನೊಂದು ದುಡ್ಡು. ಫಿಫಾ ನಿಯಮದಲ್ಲಿ ಒಂದು ಚೆಂದದ ಲೆಕ್ಕ ಐತೆ. ಆಟಗಾರನೊಬ್ಬ ಕಾಂಟ್ರ್ಯಾಕ್ಟ್ ಮುಗಿಯೋ ಮೊದಲು ಬೇರೆ ದೇಶದ ಕ್ಲಬ್‌ಗೆ ಮಾರಾಟ ಆದ್ರೆ, ಆ ಹಣದಲ್ಲಿ ಶೇಕಡಾ 5 ಅವನನ್ನ 12ರಿಂದ 23 ವಯಸ್ಸಿನ ತನಕ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆ ಆಗಬೇಕು. 12ರಿಂದ 15ರ ತನಕ ವರ್ಷಕ್ಕೆ ಶೇಕಡಾ 0.25, 16ರಿಂದ 23ರ ತನಕ ವರ್ಷಕ್ಕೆ 0.5. ಕೂಡಿಸಿ ನೋಡಿ, ಸರಿಯಾಗಿ 5 ಬರುತ್ತೆ. 10 ಕೋಟಿಗೆ ಮಾರಾಟ ಆದ್ರೆ, 12ರಿಂದ 15ರ ತನಕ ನಾಲ್ಕೂ ವರ್ಷ ಕಲಿಸಿದ ಕ್ಲಬ್‌ಗೆ 10 ಲಕ್ಷ. ಇದಕ್ಕೆ ಸಾಲಿಡಾರಿಟಿ ಹಣ ಅಂತಾರೆ. ಚಿಕ್ಕ ವಯಸ್ಸಿಗೆ ಚೆಂಡು ಕೊಟ್ಟವರನ್ನ ಮರೀಬಾರದು ಅನ್ನೋದನ್ನ ನಿಯಮ ಮಾಡಿ ಬರೆದಿದಾರೆ. ಆದ್ರೆ ಕ್ಲಬ್‌ಗೆ ನೋಂದಣಿ ಇರಬೇಕು. ನಮ್ಮೂರಲ್ಲಿ ಕಲ್ಲಿಟ್ಟು ಆಡಿಸೋ ಅಣ್ಣನಿಗೆ ಬರಲ್ಲ.

ಮೂರನೇದು ಒಂದು ಘಟನೆ. 2025ರಲ್ಲಿ ಐಎಸ್ಎಲ್ ಹಕ್ಕಿನ ಒಪ್ಪಂದದ ಗೊಂದಲದಲ್ಲಿ ಲೀಗ್ ಯಾವಾಗ ಶುರುವಾಗುತ್ತೆ ಅಂತಲೇ ಗೊತ್ತಿರಲಿಲ್ಲ. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ದೊಡ್ಡ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನ ಮುಂದಿನ ತೀರ್ಮಾನದ ತನಕ ನಿಲ್ಲಿಸ್ತು. ದೇಶದ ಹೆಸರಾಂತ ಆಟಗಾರರ ಸಂಬಳ! ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತಿತ್ತು: ಹುಡುಗರ, ಹುಡುಗಿಯರ ಯುವ ತಂಡಗಳಿಗೆ ಮತ್ತು ಸಾಕರ್ ಸ್ಕೂಲ್‌ಗಳಿಗೆ ಇದರಿಂದ ತೊಂದರೆ ಆಗಲ್ಲ.

ಇದನ್ನ ಬರೀ ಒಳ್ಳೇತನ ಅನ್ಕೊಳ್ಳೋದು ಬೇಡ. ಸಂಬಳ ನಿಂತವರಿಗೆ ಮನೆ, ಸಾಲ ಎಲ್ಲಾ ಇದ್ವು. ಅದು ಕೆಟ್ಟ ದಿನವೇ. ಚಿಕ್ಕ ತಂಡದ ಖರ್ಚು ದೊಡ್ಡ ತಂಡದ ಮುಂದೆ ಕಮ್ಮಿ ಅನ್ನೋದೂ ನಿಜ. ಆದ್ರೂ ಮಳೆ ಕೈಕೊಟ್ಟ ವರ್ಷ ರೈತ ಏನು ಮಾಡ್ತಾನೆ? ಒಡವೆ ಅಡ ಇಡ್ತಾನೆ, ಬಿತ್ತನೆ ಬೀಜಕ್ಕೆ ಕೈ ಹಾಕೋಕೆ ಹಿಂದೆ ಮುಂದೆ ನೋಡ್ತಾನೆ.

ಭಾಗ 9

ಕೊನೇ ಭಾಗ. ಎರಡು ಕೆಲಸದ ಮಾತು.

ಮೊದಲನೇದು, ನಿಮ್ಮ ಮನೇಲೂ ಚೆಂಡಿನ ಹಿಂದೆ ಓಡೋ ತಮ್ಮನೋ ತಂಗಿನೋ ಇದ್ರೆ. ಯಾವ ಅಕಾಡೆಮಿ ಆದ್ರೂ ಸರಿ, ಸೇರಿಸೋ ಮುಂಚೆ ಇಷ್ಟು ಕೇಳಿ:

ವರ್ಷಕ್ಕೆ ಎಷ್ಟು ಮ್ಯಾಚ್ ಆಡಿಸ್ತೀರಿ? ಪ್ರಾಕ್ಟೀಸ್ ಅಲ್ಲ, ಮ್ಯಾಚ್.
ಯಾವ ಲೀಗ್‌ನಲ್ಲಿ? ಹದಿನೆಂಟು ಆಟಗಾರರಲ್ಲಿ ಬೆಂಚ್ ಮೇಲಿರೋನಿಗೆ ಎಷ್ಟು ನಿಮಿಷ?
ಎಸ್ಸೆಸ್ಸೆಲ್ಸಿ ಪರೀಕ್ಷೆ ಟೈಮ್‌ನಲ್ಲಿ ಏನು ಮಾಡ್ತೀರಿ?
ಪೆಟ್ಟಾದ್ರೆ ಆಸ್ಪತ್ರೆ ಖರ್ಚು ಯಾರದ್ದು?
ಮುಂದಿನ ವರ್ಷ ಬೇಡ ಅಂದ್ರೆ ಎಷ್ಟು ತಿಂಗಳು ಮುಂಚೆ ಹೇಳ್ತೀರಿ, ಎಲ್ಲಿಗೆ ಕಳಿಸ್ತೀರಿ?
ಮತ್ತೆ ಅಮ್ಮನ ಪ್ರಶ್ನೆ: ಊಟ ಹೆಂಗೆ?

ಫೀ ಕಟ್ಟಿ ಸಂಜೆ ಹೊತ್ತು ಕಲಿಯೋ ಸಾಕರ್ ಸ್ಕೂಲ್ ಬೇರೆ, ಆಯ್ಕೆ ಮಾಡಿ ಸೇರಿಸ್ಕೊಳ್ಳೋ ವಸತಿ ಅಕಾಡೆಮಿ ಬೇರೆ. ಎರಡನ್ನೂ ಒಂದೇ ಅನ್ಕೊಬೇಡಿ. ದೊಡ್ಡ ಕ್ಲಬ್ಬಿನ ಹೆಸರು ಹೇಳಿ ಟ್ರಯಲ್ಸ್‌ಗೆ ಅಂತ ಯಾರಾದ್ರೂ ಫೋನ್‌ಪೇ ನಂಬರ್ ಕಳಿಸಿದ್ರೆ, ದುಡ್ಡು ಹಾಕೋ ಮುಂಚೆ ಕ್ಲಬ್ಬಿನ ಸ್ವಂತ ಪೇಜ್ ನೋಡಿ.

ಏಣಿ ಇಳಿದ ಹುಡುಗರು ಎಲ್ಲಿಗೆ ಹೋಗ್ತಾರೆ ಅಂತ ಅಪ್ಪ ಕೇಳಿದ್ರಲ್ಲ. ಬೆಂಗಳೂರಿನಲ್ಲಿ ಸೂಪರ್ ಡಿವಿಜನ್, ಅದರ ಕೆಳಗೆ ಎ, ಬಿ, ಸಿ ಡಿವಿಜನ್ ಲೀಗ್‌ಗಳು ಐದಾವೆ. ರಾಜ್ಯ ತಂಡ ಐತೆ. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನ 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಆದ ಮೇಲೆ! ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಅಂದ್ರೆ ದಾರಿ ಒಂದೇ ಅಲ್ಲ. ಆದ್ರೆ ಆ ಎಲ್ಲಾ ದಾರಿಗಳೂ ಬೆಂಗಳೂರಿಂದ ಶುರುವಾಗ್ತಾವೆ, ದುರ್ಗದಿಂದ ಅಲ್ಲ.

ಅದಕ್ಕೇ ಎರಡನೇ ಮಾತು. ಈ ಸಲ ಹಬ್ಬಕ್ಕೆ ಟೂರ್ನಿ ಮಾಡೋ ಗೆಳೆಯರೇ, ನಿಮ್ಮನ್ನ ಕೈಮುಗಿದು ಕೇಳ್ಕೊಳ್ತೀನಿ. ಒಂದು ದಿನದ ನಾಕೌಟ್ ಬದಲು ಆರು ತಂಡ, ಐದು ಭಾನುವಾರ, ದಿನಕ್ಕೆ ಮೂರು ಮ್ಯಾಚ್. ಒಟ್ಟು ಹದಿನೈದು. ಕಬಡ್ಡಿ ಆಗ್ಲಿ, ಖೋಖೋ ಆಗ್ಲಿ, ಫುಟ್‌ಬಾಲ್ ಆಗ್ಲಿ. ತುರುವನೂರಿನ ಎರಡು ತಂಡ, ಸುತ್ತಲ ಹಳ್ಳಿಗಳ ನಾಲ್ಕು ತಂಡ. ಹದಿನಾರರ ಒಳಗಿನವರು. ಹುಡುಗೀರದ್ದೂ ಒಂದು, ಮರೀಬೇಡಿ. ಮೊದಲ ಬಹುಮಾನದ ದುಡ್ಡನ್ನ ಅರ್ಧ ಮಾಡಿ ಐದು ವಾರದ ಸುಣ್ಣಕ್ಕೆ, ನೀರಿಗೆ, ಬಾಳೆಹಣ್ಣಿಗೆ ಹಾಕಿ. ಪಾಯಿಂಟ್ಸ್ ಟೇಬಲ್ ನಾನು ಮಾಡ್ತೀನಿ, ಎಕ್ಸೆಲ್ ಬರುತ್ತೆ. ಪ್ರತಿ ಭಾನುವಾರ ರಾತ್ರಿ ಇಲ್ಲೇ ಸ್ಟೋರಿ ಹಾಕ್ತೀನಿ.

ಇದರಿಂದ ಯಮಾಲ್ ಹುಟ್ಟಲ್ಲ, ಶಿವಶಕ್ತಿನೂ ಹುಟ್ಟಲ್ಲ. ಆದ್ರೆ ಮೊದಲ ಭಾನುವಾರ ಸೋತ ತಂಡ ಸೈಕಲ್ ತುಳ್ಕೊಂಡು ಮನೆಗೆ ಹೋಗುವಾಗ ಅಳೋ ಬದಲು ಜಗಳ ಆಡ್ತಾ ಹೋಗುತ್ತೆ. ನೀನ್ಯಾಕೆ ಅಲ್ಲಿ ನಿಂತೆ, ಮುಂದಿನ ವಾರ ಇವನನ್ನ ಮುಂದೆ ಹಾಕೋಣ ಅಂತ. ಆ ಜಗಳ ಇದ್ರೆ ಸೀಸನ್ ಐತೆ ಅಂತ ಅರ್ಥ.

ತಂಡ ಕೊಡೋರು ಕಾಮೆಂಟ್‌ನಲ್ಲಿ ಊರಿನ ಹೆಸರು ಹಾಕಿ. ಈವರೆಗೆ ಎರಡು ಆಗಿದೆ, ನಾಲ್ಕು ಬೇಕು.

#ತುರುವನೂರು #ನಮ್ಮದುರ್ಗ #ಐದುಭಾನುವಾರ